ನಲವತ್ತೇಳನೆಯ ಪೊಟ್ಟಣ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ಗಂಡ ಮದುವೆಯಾದ ಹೊಸದರಲ್ಲೇ ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದರು. ಅದು ಸುಳ್ಳಲ್ಲ. ಆದರೆ ಆ ಕೋಪಕ್ಕೆ ನನ್ನ ಕೆಲಸವೂ ಒಂದು ಕಾರಣ ಎನ್ನುವುದನ್ನು ಮಾತ್ರ ಅವರು ಯಾರಿಗೂ ಹೇಳಲಿಲ್ಲ. ಬೆಂಗಳೂರಿನ ಹಳೇ ಮದ್ರಾಸು ರಸ್ತೆಯಲ್ಲಿ, ಟಿನ್ ಫ್ಯಾಕ್ಟರಿಗೆ ಎರಡು ಸ್ಟಾಪು ಮೊದಲು, ಯಂತ್ರದ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಟರ್. ಪೊಲೀಸಲ್ಲ, ಕಬ್ಬಿಣ ಕಡೆಯುವ ಲೇತಿನಿಂದ ಇಳಿದ ಪ್ರತಿಯೊಂದು ಬುಷ್ಷನ್ನೂ ಪಿನ್ನನ್ನೂ ಅಳೆದು, ಸರಿಯಿದ್ದರೆ ಹಸಿರು ಚೀಟಿ, ತಪ್ಪಿದ್ದರೆ ಕೆಂಪು ಚೀಟಿ ಕಟ್ಟುವವಳು. ಚೀಟಿಯಲ್ಲಿ ಒಂದು ನಂಬರು, ರಿಜಿಸ್ಟರಿನಲ್ಲಿ ಅದೇ ನಂಬರು, ಪಕ್ಕದಲ್ಲಿ ನನ್ನ ಸಹಿ. ಬರೆಯದೇ ಇದ್ದದ್ದು ನಡೆದೇ ಇಲ್ಲ ಎನ್ನುವುದು ನಮ್ಮ ಕಾನೂನು. ಮನೆಯಲ್ಲೂ ಸಾರಿನ ಪುಡಿಯ ಡಬ್ಬಿಗೆ ತಾರೀಖು ಬರೆದು ಅಂಟಿಸುತ್ತಿದ್ದೆ. ಬರೆದದ್ದು ನನ್ನ ತಲೆಯಲ್ಲಿ ಹತ್ತು ವರ್ಷ ಇರುತ್ತದೆ, ಬರೆಯದ್ದು ಹತ್ತು ನಿಮಿಷವೂ ಇರುವುದಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಆಯುಧಪೂಜೆಯ ದಿನ ಯಂತ್ರಗಳಿಗೆ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಮಂಡಕ್ಕಿ ಹಂಚಿದ ಮೇಲೆ ಕಾರ್ಖಾನೆಗೆ ಎರಡು ದಿನ ಬೀಗ. ಆ ಎರಡು ದಿನದಲ್ಲಿ, ಕಾರ್ಖಾನೆಯವರು, ಜೊತೆಗೆ ನನ್ನ ಗಂಡ, ಒಟ್ಟು ನಾವು ಹತ್ತು ಮಂದಿ ಚಿಕ್ಕಮಗಳೂರಿನ ಕಡೆಯ ಒಂದು ಎತ್ತರದ ಬೆಟ್ಟ ಹತ್ತಿ ಬಂದೆವು. ಬೆಟ್ಟದ ಹೆಸರು ಹೇಳುವುದಿಲ್ಲ; ಈಗ ಹೋಗುತ್ತಿರುವವರೇ ಸಾಕು. ಅರ್ಧ ದಾರಿಯವರೆಗೆ ಕಾಡು, ಅಲ್ಲಿಂದ ಮೇಲೆ ಕಣ್ಣು ಹೋದಷ್ಟು ದೂರ ಬರೀ ಹುಲ್ಲು. ಕಣಿವೆಯ ಮಡಿಕೆಗಳಲ್ಲಿ ಮಾತ್ರ ಗಿಡ್ಡ ಮರಗಳ ಕಪ್ಪು ಗುಂಪು. ಎಲ್ಲರೂ ಆಹಾ ಎಂದರು. ನನಗೋ ಸಿಟ್ಟೇ ಬಂತು. ಇಂದಿರಾನಗರದ ಪಕ್ಕದ ವಿಮಾ ನೌಕರರ ಕಾಲೋನಿಯಲ್ಲಿ, ಮನೆ ಮುಂದೆ ಎರಡು ಮರ ಹಿಂದೆ ಒಂದು ಮರ ಇಟ್ಟುಕೊಂಡು ಬದುಕಿದವಳು ನಾನು. ಇಷ್ಟು ದೊಡ್ಡ ಬೆಟ್ಟವನ್ನು ಯಾವ ಪಾಪಿಗಳು ಹೀಗೆ ಬೋಳಿಸಿದರೋ ಎಂದುಕೊಂಡೆ.

ಇನ್ನೊಂದು ಕಷ್ಟವೂ ಇತ್ತು. ನಮ್ಮ ಹತ್ತು ಮಂದಿಯಲ್ಲಿ ಮೂವರು ಹೆಂಗಸರು. ಗಂಡಸರಾದರೆ ಆ ಕಡೆ ಮುಖ ತಿರುಗಿಸಿದರೆ ಆಯಿತು, ನಮಗೆ ಮರೆ ಬೇಕು. ಹುಲ್ಲುಗಾವಲಿನಲ್ಲಿ ಮರೆ ಎಲ್ಲಿಂದ ಬರಬೇಕು? ನೆತ್ತಿಯ ಹಿಂದೆ ಬಹಳ ದೂರ ಇಳಿದರೆ ದಾರಿಗೆ ಕಾಣದ ಒಂದು ತಗ್ಗು ಇತ್ತು. ಅಲ್ಲಿಗೆ ಒಬ್ಬೊಬ್ಬರಾಗಿ, ಹೂವು ನೋಡುವ ನೆಪ ಹೇಳಿ ಹೋಗಿಬಂದೆವು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಘೋಷಿಸಿದೆ: ಬರುವ ಜೂನಿಗೆ ಈ ಬೆಟ್ಟಕ್ಕೆ ಮರ ಬಿತ್ತಬೇಕು. ಎಲ್ಲರೂ ಚಪ್ಪಾಳೆ ತಟ್ಟಿದರು.

ಬಿತ್ತುವುದಕ್ಕೆ ಯಾವ ಮರ? ನಮ್ಮ ಕಣ್ಣೆದುರಿಗೆ ಇದ್ದದ್ದೇ ಅಕೇಶಿಯಾ. ಕಾಲೋನಿಯಲ್ಲಿ, ವಿಮಾನಪುರದ ದಾರಿಯಲ್ಲಿ, ನಮ್ಮ ಕಾರ್ಖಾನೆಯ ಗೇಟಿನಲ್ಲಿ, ಎಲ್ಲೆಲ್ಲೂ ಅದೇ. ನೀರು ಕೇಳುವುದಿಲ್ಲ, ದನ ತಿನ್ನುವುದಿಲ್ಲ, ನಾಲ್ಕೇ ವರ್ಷಕ್ಕೆ ಮಾಳಿಗೆಯ ಎತ್ತರ. ಮಾರ್ಚಿ ಏಪ್ರಿಲ್ಲಿನಲ್ಲಿ ಅದರ ಸುರುಳಿ ಸುರುಳಿ ಕಾಯಿಗಳು ರಸ್ತೆಯಲ್ಲಿ ಉದುರಿ ಬಿದ್ದಿರುತ್ತವೆ. ಭಾನುವಾರಗಳಲ್ಲಿ ಚೀಲ ಹಿಡಿದು ಆರಿಸಿದೆವು. ಕೂತು ಬಿಡಿಸಿ, ಜರಡಿ ಹಿಡಿದು, ಹುಳುಕು ಬೀಜವನ್ನೆಲ್ಲ ತೆಗೆದುಹಾಕಿದೆ.

ಈ ಬೀಜಕ್ಕೆ ಸಿಪ್ಪೆ ಗಟ್ಟಿ. ಹಾಗೇ ಚೆಲ್ಲಿದರೆ ಬಹಳಷ್ಟು ಮೊಳೆಯುವುದಿಲ್ಲ, ಕುದಿಯುವ ನೀರು ಸುರಿದು ನೆನೆಸಬೇಕು ಎಂದು ನರ್ಸರಿಯವನೊಬ್ಬ ಹೇಳಿದ. ಬೇರೆಯವರಾಗಿದ್ದರೆ ಅಯ್ಯೋ ಯಾರು ಮಾಡುತ್ತಾರೆ ಎಂದು ಸುಮ್ಮನಾಗುತ್ತಿದ್ದರು. ನಾನು ಬಿಡುತ್ತೇನೆಯೇ? ಸ್ನಾನದ ನೀರು ಕಾಯಿಸುವ ಪಾತ್ರೆಯಲ್ಲಿ ನೀರು ಕುದಿಸಿ, ಬೀಜಕ್ಕೆ ಸುರಿದು, ಮಾರನೆಯ ದಿನ ನೆರಳಿನಲ್ಲಿ ಹರವಿದೆ. ಅದರಲ್ಲಿ ಇಪ್ಪತ್ತು ಬೀಜ ಎತ್ತಿ ಒದ್ದೆ ಹತ್ತಿಯ ಮೇಲಿಟ್ಟು ಪರೀಕ್ಷೆಯನ್ನೂ ಮಾಡಿದೆ. ಹದಿನೇಳು ಮೊಳೆತವು. ಬೀಜಕ್ಕೆ ಅದು ಒಳ್ಳೆಯ ಫಲಿತಾಂಶ, ಕಾರ್ಖಾನೆಯಂತೆ ಇಲ್ಲೂ ಹಸಿರು ಚೀಟಿ ಕಟ್ಟಿದೆ. ಹಳೆಯ ಡ್ರಾಯಿಂಗ್ ಕಾಗದದಲ್ಲಿ ಅರವತ್ತು ಪೊಟ್ಟಣ, ಒಬ್ಬೊಬ್ಬರಿಗೆ ಆರಾರು, ಪ್ರತಿಯೊಂದಕ್ಕೂ ನಂಬರು.

ಪೊಟ್ಟಣ ಕಟ್ಟಲು ನನ್ನ ಜೊತೆ ಕೂತವರು ನಮ್ಮ ಲೇತಿನ ಮೇಸ್ತ್ರಿ. ಕಲಬುರಗಿ ಕಡೆಯವರು, ಕೆ.ಆರ್. ಪುರದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಹೆಂಡತಿಯೊಂದಿಗೆ ಇದ್ದರು. ಹತ್ತು ವರ್ಷದಲ್ಲಿ ನಾನು ಅವರ ಮಾಲಿಗೆ ಕೆಂಪು ಚೀಟಿ ಕಟ್ಟಿದ್ದು ಎರಡೇ ಸಲ. ನಾನು ಕೂಗಾಡಿದರೂ ತಿರುಗಿ ಮಾತಾಡದ ಏಕೈಕ ಮನುಷ್ಯ. ಆವತ್ತು ಮಾತ್ರ ಬೀಜ ಅಂಗೈಯಲ್ಲಿ ಹಿಡಿದು ಮೆಲ್ಲಗೆ ಕೇಳಿದರು, "ಅಕ್ಕಾರ, ಅಲ್ಲಿ ಹುಲ್ಲು ಛಲೋ ಅದ ಅಲ್ರೀ. ಅದರಾಗ ಗಿಡ ಯಾಕ?"

"ಬೋಳು ಬೆಟ್ಟಕ್ಕೆ ಮರ ಬೇಡ್ವಾ ಮೇಸ್ತ್ರಿ?"

"ನಾ ಸಣ್ಣಂವ ಇದ್ದಾಗ ಕುರಿ ಕಾಯ್ದೀನಿ. ಹುಲ್ಲು ಇದ್ದ ನೆಲಕ್ಕ ನಾವು ಬೋಳು ಅನ್ನಂಗಿಲ್ರೀ."

"ನಿಮ್ಮ ಕುರಿ ಬುದ್ಧಿ ಇಲ್ಲಿ ಬೇಡ, ಸುಮ್ನೆ ಕಟ್ಟಿ," ಎಂದೆ. ಅವರು ನಕ್ಕು, ಕಟ್ಟಿದರು.

ಜೂನ್ ಮೊದಲ ವಾರ ಹೋದೆವು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಎಲ್ಲರಿಗೂ ಒಂದೇ ಬಣ್ಣದ ಮಳೆಕೋಟು ಕೊಂಡಿದ್ದೆವು. ಮಂಜು, ಜಡಿಮಳೆ, ನಿಂತವರನ್ನು ನೂಕುವ ಗಾಳಿ. ಒಬ್ಬೊಬ್ಬರು ಪೊಟ್ಟಣ ಬಿಚ್ಚಿ ಚೆಲ್ಲಿ ನಂಬರು ಕೂಗುವುದು, ನಾನು ಕೊಡೆಯ ಕೆಳಗೆ ಪೆನ್ಸಿಲಿನಲ್ಲಿ ಜಾಗ ಬರೆಯುವುದು. "ಹನ್ನೆರಡು: ಹಂದಿಯಂಥ ಬಂಡೆಯಿಂದ ಬಲಕ್ಕೆ ಮೂವತ್ತು ಹೆಜ್ಜೆ." "ಇಪ್ಪತ್ತೊಂಬತ್ತು: ಎರಡನೇ ಝರಿಯ ಎಡದಂಡೆ." ನಾಳೆ ಮರವಾದಾಗ ಯಾವ ಮರ ಯಾರದ್ದೆಂದು ಗೊತ್ತಾಗಲಿ ಎನ್ನುವುದು ನನ್ನ ಆಸೆ. ಇಳಿಯುವ ಮೊದಲು ನಾನೊಬ್ಬಳೇ ಆ ಹಿಂದಿನ ತಗ್ಗಿಗೂ ಹೋಗಿಬಂದೆ, ಹಿಂದಿನ ಸಲದ ಕಷ್ಟವೇ. ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ ರಿಜಿಸ್ಟರ್ ಓದಿದೆ. ಐವತ್ತೊಂಬತ್ತು ಸಾಲು ತುಂಬಿತ್ತು, ನಲವತ್ತೇಳರ ಮುಂದೆ ಖಾಲಿ. ನಲವತ್ತಮೂರರಿಂದ ನಲವತ್ತೆಂಟು ಮೇಸ್ತ್ರಿಯವರ ಪಾಲು.

"ನಲವತ್ತೇಳು ಎಲ್ಲಿ ಚೆಲ್ಲಿದ್ರಿ ಮೇಸ್ತ್ರಿ?"

"ಅದನ್ನ ನಿಮ್ಮ ಕೈಯಾಗ ಕೊಟ್ಟೀನಲ್ರೀ, ಮ್ಯಾಲೆ."

"ನನಗೆ ಕೊಟ್ಟಿದ್ರೆ ನಾನು ಬರೀತಿರ್ಲಿಲ್ವಾ?"

ಎಲ್ಲರೂ ಸುಸ್ತಾಗಿ ತೂಕಡಿಸುತ್ತಿದ್ದರು. ಮಾತು ಅಲ್ಲಿಗೇ ನಿಂತಿತು.

ಜುಲೈಯಲ್ಲಿ ಫೋಟೋಗಳು ತೊಳೆದು ಬಂದವು. ಆಲ್ಬಮ್ ಮಾಡಿ, ಬೀಗುತ್ತ ಅದನ್ನು ಹಲಸೂರಿಗೆ ಹೊತ್ತುಕೊಂಡು ಹೋದೆ. ಪಿಯುಸಿಯಲ್ಲಿ ನನಗೆ ಸಸ್ಯಶಾಸ್ತ್ರ ಪಾಠ ಮಾಡಿದ್ದ ಮೇಡಂ ನಿವೃತ್ತಿಯಾಗಿ ಅಲ್ಲಿ ಕೆರೆಯ ಹಿಂದಿನ ಗಲ್ಲಿಯಲ್ಲಿದ್ದರು. ಕಾಲೇಜಿನಲ್ಲಿ ಅವರು ನನ್ನನ್ನು ಒಂದು ದಿನವೂ ಮೆಚ್ಚಿದವರಲ್ಲ. ಇವತ್ತಾದರೂ ಶಹಭಾಸ್ ಎನ್ನಲಿ ಎಂದು ಹೋದವಳು ನಾನು. ಅವರು ಕಾಫಿ ಕೊಟ್ಟು, ಕನ್ನಡಕ ಹಾಕಿಕೊಂಡು, ಆಲ್ಬಮಿನ ಮೊದಲ ಪುಟ ತಿರುಗಿಸಿದರು. ಎರಡನೆಯದು ತಿರುಗಿಸಿದರು. ಮೂರನೆಯದರಲ್ಲಿ ನಾನು ಪೊಟ್ಟಣ ಎತ್ತಿ ಹಿಡಿದು ನಗುತ್ತಿದ್ದೆ.

"ಇದ್ರಲ್ಲಿ ಏನಿತ್ತು?"

"ಅಕೇಶಿಯಾ ಬೀಜ ಮೇಡಂ. ಅರವತ್ತು ಪೊಟ್ಟಣ."

"ಬಿಸಿನೀರು ಹಾಕಿದ್ರಾ?"

"ಹಾಕಿದ್ವಿ ಮೇಡಂ. ಟೆಸ್ಟ್ ಕೂಡ ಮಾಡಿದೀನಿ, ಇಪ್ಪತ್ತಕ್ಕೆ ಹದಿನೇಳು."

ಅವರು ಆಲ್ಬಮ್ ಮುಚ್ಚಿದರು. "ಅಯ್ಯೋ ಪುಣ್ಯಾತ್ಗಿತ್ತಿ. ಹಾಕದೇ ಇದ್ದಿದ್ರೆ ಅರ್ಧಾನಾದ್ರೂ ಹುಟ್ತಿರ್ಲಿಲ್ಲ."

ಮುಂದಿನ ಒಂದು ಗಂಟೆ ಅವರು ಹೇಳಿದ್ದನ್ನು ನಾನು ತಲೆ ಎತ್ತದೆ ಕೇಳಿದೆ. ಆ ಬೆಟ್ಟವನ್ನು ಯಾರೂ ಬೋಳಿಸಿಲ್ಲ. ಅಷ್ಟು ಎತ್ತರದಲ್ಲಿ, ಆ ಗಾಳಿಗೆ, ಆ ನೆಲಕ್ಕೆ ಹುಲ್ಲೇ ಕಾಡು. ಮಡಿಕೆಯಲ್ಲಿರುವ ಗಿಡ್ಡ ಮರಗಳು ಮಡಿಕೆಯಲ್ಲೇ ಇರುತ್ತವೆ, ಹುಲ್ಲು ಹುಲ್ಲಿನ ಜಾಗದಲ್ಲಿರುತ್ತದೆ, ನಮ್ಮ ಅಜ್ಜಂದಿರ ಅಜ್ಜಂದಿರಿಗೂ ಮೊದಲಿಂದ ಹಾಗೆಯೇ. ಮಳೆನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಝರಿಗೆ ಬಿಡುವುದು ಆ ಹುಲ್ಲಿನ ಬೇರು. ನೊಣ ಹಿಡಿದು ತಿನ್ನುವ ಬೆರಳುದ್ದದ ಗಿಡ, ಹುಲ್ಲಿನ ನಡುವೆ ಏಳುವ ನೆಲದ ಆರ್ಕಿಡ್‌ಗಳು, ಉಗುರಿನಷ್ಟು ಕಪ್ಪೆಗಳು, ಇವಕ್ಕೆಲ್ಲ ಬಿಸಿಲೂ ಹುಲ್ಲೂ ಬೇಕು. ಒಂದು ಕಂದು ಬಣ್ಣದ ಹಕ್ಕಿ ಹುಲ್ಲಿನ ಬುಡದಲ್ಲೇ ಗೂಡು ಕಟ್ಟುತ್ತದೆಯಂತೆ. "ಒಂದೇ ಒಂದು ಮರ ಬರ್ಲಿ, ಅದರ ಮೇಲೆ ಕಾಗೆ ಬಂದು ಕೂರುತ್ತೆ. ಕಾಗೆ ಕೂತ್ರೆ ಸುತ್ತ ಇರೋ ಒಂದು ಮೊಟ್ಟೆನೂ ಉಳಿಯಲ್ಲ. ನಿಮ್ಮ ಅಕೇಶಿಯಾ ಒಂದಾಗಿ ಇರಲ್ಲ, ನಾಲ್ಕು ವರ್ಷಕ್ಕೆ ಬೀಜ ಬಿಡುತ್ತೆ. ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಕಾದು ಕೂತಿರುತ್ತೆ."

"ಏನ್ ಮಾಡ್ಲಿ ಮೇಡಂ?"

"ಏನ್ ಮಾಡ್ತೀಯ? ಹೋಗಿ ಕೀಳು."

ಮಳೆಗಾಲ ಮುಗಿಯುವವರೆಗೆ ಆ ಬೆಟ್ಟ ಹತ್ತಲಾಗುವುದಿಲ್ಲ. ಹಳ್ಳಗಳು ತುಂಬಿ ದಾರಿಯೇ ಇರುವುದಿಲ್ಲ. ಅಕ್ಟೋಬರ್ ಬರುವವರೆಗೆ ನಾನು ಬೆಂಗಳೂರಿನಲ್ಲಿ ಕೂತು ಕಾಯಬೇಕಾಯಿತು. ಅಂಥ ಮೂರು ತಿಂಗಳು ನನ್ನ ಶತ್ರುವಿಗೂ ಬೇಡ. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ನಾಲ್ಕು ಹನಿ ಬಿದ್ದರೆ ಜನ ಅಂಗಡಿ ಸೂರಿಗೆ ಓಡುತ್ತಿದ್ದರು, ನಾನು ನಿಂತಲ್ಲೇ ನಿಂತು ಆ ಬೆಟ್ಟದ ಮೇಲೆ ಈಗ ಎಷ್ಟು ಸುರಿಯುತ್ತಿದೆಯೋ ಎಂದು ಯೋಚಿಸುತ್ತಿದ್ದೆ. ಪೇಪರಿನಲ್ಲಿ ಮಳೆಯ ವಿವರ ಬರುವ ಮೂಲೆಯನ್ನೇ ಮೊದಲು ನೋಡುತ್ತಿದ್ದೆ. ಬೆಟ್ಟದ ಬುಡದಲ್ಲಿ ನಾವು ಉಳಿದುಕೊಳ್ಳುತ್ತಿದ್ದ ಮನೆಗೆ ವಾರಕ್ಕೊಮ್ಮೆ ಎಸ್‌ಟಿಡಿ ಬೂತಿನಿಂದ ಫೋನು. "ಮಳೆ ಹೇಗಿದೆ?" ಎಂದರೆ ಆ ಮನೆಯಾಕೆ, "ಬಿಟ್ಟೇ ಇಲ್ಲ ಕಣಮ್ಮ, ಈ ವರ್ಷ ಭೂಮಿ ತಣ್ಣಗಾಯ್ತು," ಎಂದು ಸಂತೋಷಪಡುತ್ತಿದ್ದರು. ನಾನು ಫೋನಿಟ್ಟು ಬೂತಿನವನ ಮೇಲೆ ರೇಗುತ್ತಿದ್ದೆ.

ಎಲ್ಲಕ್ಕಿಂತ ಕಾಡಿದ್ದು ನನ್ನ ಬಾಲ್ಕನಿ. ಹತ್ತಿಯ ಮೇಲೆ ಮೊಳೆತಿದ್ದ ಆ ಹದಿನೇಳನ್ನು ಎಸೆಯಲು ಮನಸ್ಸಾಗದೆ ವನಸ್ಪತಿಯ ಡಬ್ಬಿಗಳಲ್ಲಿ ನೆಟ್ಟಿದ್ದೆ. ಆ ಹಾಳಾದ ಗಿಡಗಳೆಲ್ಲ ಬದುಕಿದ್ದವು. ಬೆಳಿಗ್ಗೆ ಎದ್ದವಳೇ ಸ್ಟೀಲ್ ಸ್ಕೇಲು ಹಿಡಿದು ಅಳೆಯುತ್ತಿದ್ದೆ. ಮೊದಲು ಹುಣಸೆ ಎಲೆಯಂಥ ಎಲೆ, ಆಮೇಲೆ ಕುಡುಗೋಲಿನಂತೆ ಬಾಗಿದ ಎಲೆ. ಇಲ್ಲಿ ನಾಲ್ಕು ಇಂಚಾದರೆ ಅಲ್ಲಿ ಎಷ್ಟಿರಬಹುದು? ನನ್ನ ಗಂಡ ಒಂದು ದಿನ ಅವನ್ನೆಲ್ಲ ಕಿತ್ತು ಎಸೆಯಲು ಹೋದರು. "ಮುಟ್ಟಿದ್ರೆ ನೋಡಿ! ಇವನ್ನ ಅಳೆಯದಿದ್ರೆ ಅಲ್ಲಿ ಏನ್ ಹುಡುಕ್ಬೇಕು ಅಂತ ಹೇಗ್ ಗೊತ್ತಾಗುತ್ತೆ?" ಎಂದು ಕಿರುಚಿದೆ. ಅವರು ಬಾಗಿಲು ಹಾಕಿಕೊಂಡು ಒಳಗೆ ಹೋದರು. ಜೊತೆಗೆ ಬಂದಿದ್ದವರಿಗೆಲ್ಲ ತಿಳಿಸುವ ಕೆಲಸವೂ ನನ್ನದೇ ಆಗಿತ್ತು. ಯಾರೂ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ನೆಮ್ಮದಿಯಾಗುತ್ತಿತ್ತು. ಮೇಸ್ತ್ರಿ ಕೇಳಿಸಿಕೊಂಡು, "ಆತು ಬಿಡ್ರಿ, ಕಿತ್ತರಾತು," ಎಂದರು. ನಾ ಹೇಳಿರಲಿಲ್ಲವೇ ಎಂದು ಅವರು ಅನ್ನಲಿಲ್ಲ.

ಆಯುಧಪೂಜೆಯ ಸಂಜೆಯೇ ಬಸ್ಸು ಹತ್ತಿದೆವು. ಮೇಡಂ ಪತ್ರ ಬರೆದು ಅರಣ್ಯ ಇಲಾಖೆಯ ಅನುಮತಿ ತರಿಸಿಕೊಟ್ಟಿದ್ದರು, ಬೆಟ್ಟದ ಕಾವಲುಗಾರರು ಮುಂದೆ ನಿಂತು ದಾರಿ ತೋರಿಸಿದರು. ರಿಜಿಸ್ಟರ್ ತೆರೆದು ಒಂದನೇ ನಂಬರಿನಿಂದ ಶುರು ಮಾಡಿದೆ. ಹಂದಿ ಬಂಡೆ, ಬಲಕ್ಕೆ ಮೂವತ್ತು ಹೆಜ್ಜೆ, ಮಂಡಿಯೂರಿ ಕೂತು ಹುಲ್ಲು ಬಿಡಿಸಿದರೆ ಅಲ್ಲೇ ಇದ್ದವು, ನನ್ನ ಬಾಲ್ಕನಿಯ ಎಲೆಗಳೇ. ಬಾಲ್ಕನಿಯ ಗಿಡಗಳಷ್ಟು ಎತ್ತರ ಬೆಳೆದಿರಲಿಲ್ಲ, ಆದರೆ ಬೇರು ಎರಡರಷ್ಟು ಉದ್ದ. ಹುಲ್ಲಿನ ಬೇರಿಗೆ ನೋವಾಗದಂತೆ ಒಂದೊಂದನ್ನೇ ಎಳೆದೆವು. ನಾನು ಕೂತಿದ್ದ ಜಾಗದಿಂದ ಒಂದು ಮೊಳ ದೂರದಲ್ಲಿ, ಕೆಂಪು ಹನಿ ಅಂಟಿಸಿಕೊಂಡ ಆ ಬೆರಳುದ್ದದ ಗಿಡ ಒಂದು ಸೊಳ್ಳೆಯನ್ನು ಹಿಡಿದುಕೊಂಡು ನಿಂತಿತ್ತು. ಜೂನಿನಲ್ಲಿ ನಾವು ಅಂಥವನ್ನು ಎಷ್ಟು ತುಳಿದಿದ್ದೆವೋ. ಅಳು ಬಂತು. ಅತ್ತುಕೊಂಡೇ ಕಿತ್ತೆ.

ಎರಡನೇ ದಿನ ಮಧ್ಯಾಹ್ನಕ್ಕೆ ಐವತ್ತೊಂಬತ್ತು ಜಾಗವೂ ಮುಗಿಯಿತು. ಉಳಿದದ್ದು ನಲವತ್ತೇಳು.

"ಈಗ್ಲಾದ್ರೂ ಹೇಳಿ ಮೇಸ್ತ್ರಿ. ಎಲ್ಲಿ ಚೆಲ್ಲಿದ್ರಿ?"

"ಅಕ್ಕಾರ, ನಾ ಚೆಲ್ಲಿಲ್ರೀ. ನನ್ನ ಕೈ ಥಂಡಿಗೆ ಮರಗಟ್ಟಿತ್ತು. ಇದೊಂದು ನೀವೇ ಚೆಲ್ರಿ ಅಂತ ನಿಮಗ ಕೊಟ್ಟೀನಿ."

"ನಾನು ಬರೆಯದೇ ಇರ್ತೀನಾ? ನಾನು! ಒಂದು ಪೊಟ್ಟಣ ಅಂದ್ರೆ ಎಷ್ಟು ಬೀಜ ಗೊತ್ತಾ ನಿಮಗೆ? ಮರ್ತಿದ್ರೆ ಮರ್ತೆ ಅನ್ನಿ, ಸುಳ್ಳು ಯಾಕೆ ಹೇಳ್ತೀರಿ?"

ಎಂಟು ಜನರ ಎದುರಿಗೆ ಅಂದೆ. ಅವರ ಮುಖ ನೋಡಿದ ಮೇಲಾದರೂ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ನಿಮಗೆ ಮೊದಲಿಂದ್ಲೂ ಇಷ್ಟ ಇರ್ಲಿಲ್ಲ, ಎಲ್ಲೋ ಒಂದ್ಕಡೆ ಬಿಸಾಕಿದೀರಿ," ಎಂದೂ ಅಂದುಬಿಟ್ಟೆ. ಮೇಸ್ತ್ರಿ ಕೈಯ ಮಣ್ಣು ಒರೆಸಿಕೊಂಡು, "ಹಂಗಂದ್ರ ಹಂಗೇ ಆಗಲಿ," ಎಂದು ಬೆಟ್ಟ ಇಳಿಯತೊಡಗಿದರು. ಆಮೇಲೆ ಅವರು ನಮ್ಮೊಂದಿಗೆ ಬೆಟ್ಟಕ್ಕೆ ಬರಲಿಲ್ಲ. ಕಾರ್ಖಾನೆಯಲ್ಲಿ ಮಾಲು ತಂದಿಟ್ಟು, ಚೀಟಿ ಕಟ್ಟುವವರೆಗೆ ನಿಂತು, ಒಂದು ಮಾತೂ ಇಲ್ಲದೆ ಹೋಗುತ್ತಿದ್ದರು.

ಅಲ್ಲಿಂದ ಪ್ರತಿ ಅಕ್ಟೋಬರಿನಲ್ಲೂ ಹೋದೆ. ಮೊದಲೆರಡು ವರ್ಷ ಹಳೆಯ ಜಾಗಗಳಲ್ಲೇ ಹಿಂದೆ ಉಳಿದವು ಅಲ್ಲಲ್ಲಿ ತಲೆ ಎತ್ತುತ್ತಿದ್ದವು, ಆಮೇಲೆ ಅದೂ ಕಡಿಮೆಯಾಯಿತು. ನಲವತ್ತೇಳು ಮಾತ್ರ ಸಿಗಲಿಲ್ಲ. ದಾರಿಯ ಎರಡೂ ಬದಿ, ಝರಿಗಳ ದಂಡೆ, ಮೇಸ್ತ್ರಿ ನಡೆದಿರಬಹುದಾದ ಪ್ರತಿ ತಿರುವು ಹುಡುಕಿದೆ. ಹತ್ತು ಮಂದಿ ಐದಾದೆವು, ಐದು ಮಂದಿ ಗಂಡ ಹೆಂಡತಿ ಇಬ್ಬರೇ ಆದೆವು. "ಮೊಳೆತೇ ಇರಲ್ಲ ಕಣೇ, ಹಕ್ಕಿ ತಿಂದಿರುತ್ತೆ," ಎನ್ನುತ್ತಿದ್ದರು ಗಂಡ. ಇಪ್ಪತ್ತಕ್ಕೆ ಹದಿನೇಳು ಎಂಬುದು ನನ್ನ ತಲೆಯಲ್ಲಿ ಕೂತಿತ್ತು. ಒಂದು ವರ್ಷ ಸಿಗದಿದ್ದರೆ ಮರುವರ್ಷದ ಭಯ ಇಮ್ಮಡಿ, ಈಗ ಎಷ್ಟು ಎತ್ತರ, ಈಗ ಹೂ ಬಿಟ್ಟಿರಬೇಕು, ಈಗ ಕಾಯಿ.

ಇತ್ತ ಊರು ನೋಡನೋಡುತ್ತ ಬೇರೆಯಾಯಿತು. ನಮ್ಮ ಕಾರ್ಖಾನೆ ಮುಚ್ಚಿತು, ಆ ಜಾಗದಲ್ಲಿ ಗಾಜಿನ ಕಟ್ಟಡ ಎದ್ದಿತು. ಮೇಸ್ತ್ರಿ ಕೆ.ಆರ್. ಪುರದಲ್ಲೇ ಒಂದು ವೆಲ್ಡಿಂಗ್ ಅಂಗಡಿ ಸೇರಿದರೆಂದು ಕೇಳಿದೆ. ರಸ್ತೆ ಅಗಲ ಮಾಡಲು ಇಂದಿರಾನಗರದ ಮರಗಳಿಗೆ ಗರಗಸ ಬಿದ್ದಾಗ ಕಾಲೋನಿಯವರು ನನ್ನನ್ನೇ ಮುಂದೆ ನಿಲ್ಲಿಸಿದರು, ನೀವು ಮರ ಬೆಳೆಸಿದವರಲ್ವಾ ಎಂದು. ಫಲಕ ಹಿಡಿದು ನಿಂತೆ. ರಸ್ತೆಗೆಲ್ಲ ನೆರಳಾಗಿದ್ದ ಆ ಮಳೆಮರಗಳು ಉರುಳುವಾಗ ನಿಜಕ್ಕೂ ಸಂಕಟವಾಯಿತು, ಆದರೆ ಘೋಷಣೆ ಕೂಗಲು ಬಾಯಿ ಬರಲಿಲ್ಲ. ಎಲ್ಲರೂ ನನಗೆ ಗಂಟಲು ಕಟ್ಟಿದೆ ಎಂದುಕೊಂಡರು.

ಬೀಜ ಚೆಲ್ಲಿ ಹನ್ನೊಂದು ವರ್ಷವಾಗಿತ್ತು. ಅಷ್ಟರಲ್ಲಿ ನನಗೆ ಸಕ್ಕರೆ ಕಾಯಿಲೆ ಬಂದಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಅಲ್ಲಿಯವರೆಗೆ ನಾನು ಬೆಟ್ಟ ಹತ್ತುವ ದಿನ ಬೆಳಗಿನಿಂದ ಒಂದು ತೊಟ್ಟು ನೀರೂ ಕುಡಿಯುತ್ತಿರಲಿಲ್ಲ. ಮರೆಯಿಲ್ಲದ ಜಾಗದಲ್ಲಿ ಆ ಕಷ್ಟವೇ ಬೇಡವೆಂದು ರೂಢಿಸಿಕೊಂಡದ್ದು. ಸಕ್ಕರೆ ಕಾಯಿಲೆಗೆ ಅಂಥ ರೂಢಿಯ ಮುಲಾಜಿಲ್ಲ. ನೆತ್ತಿ ತಲುಪುವಷ್ಟರಲ್ಲಿ ತಡೆಯಲಾಗದೆ, ಗಂಡನನ್ನು ಬಂಡೆಯ ಮೇಲೆ ಕೂರಿಸಿ, ನೆತ್ತಿಯ ಹಿಂದಕ್ಕೆ ಇಳಿದೆ. ಇಳಿಯಲು ಈಗ ಒಂದು ಕಾಲುದಾರಿಯೇ ಆಗಿತ್ತು. ಬೆಂಗಳೂರಿನಿಂದ ವಾರ ವಾರ ಹುಡುಗ ಹುಡುಗಿಯರ ದಂಡೇ ಬರುತ್ತಿದ್ದ ಕಾಲ ಅದು, ಯಾರೋ ಓಡಾಡಿರಬೇಕು ಎಂದುಕೊಂಡೆ.

ತಗ್ಗಿನಲ್ಲಿ ಒಂದು ಮರ ಇತ್ತು. ಎರಡಾಳೆತ್ತರ, ಗಾಳಿಗೆ ಒಂದು ಕಡೆ ವಾಲಿದ ದಟ್ಟ ಮರ, ಸುತ್ತ ಸಣ್ಣವು ಏಳೆಂಟು. ದೇವರೇ ಸದ್ಯ ಎಂದುಕೊಂಡು ಅದರ ಹಿಂದೆ ಹೋಗಿ ಕೂತೆ. ನೆಲದಲ್ಲಿ ಟಿಶ್ಯೂ ಕಾಗದಗಳು ಬಿದ್ದಿದ್ದವು, ಬರುವ ಹೆಂಗಸರೆಲ್ಲ ಇದನ್ನೇ ಮರೆ ಮಾಡಿಕೊಂಡಿದ್ದರು. ಎದ್ದು ಸೀರೆ ಸರಿಮಾಡಿಕೊಳ್ಳುವಾಗ ಕೊಂಬೆಯ ಮೇಲೆ ಕಾಗೆ ಕೂಗಿತು. ತಲೆ ಎತ್ತಿದೆ. ಕುಡುಗೋಲಿನಂಥ ಎಲೆ. ಸುರುಳಿ ಸುರುಳಿ ಕಾಯಿ.

ಹನ್ನೊಂದು ವರ್ಷ ಬಾರದಿದ್ದ ನೆನಪು ಆಗ, ಅಲ್ಲಿ ನಿಂತಲ್ಲೇ, ಪೂರ್ತಿ ಬಂತು. ಮೇಸ್ತ್ರಿಯ ಮರಗಟ್ಟಿದ ಕೈಯಿಂದ ಪೊಟ್ಟಣ ಈಸಿಕೊಂಡು ಮಳೆಕೋಟಿನ ಜೇಬಿಗೆ ಹಾಕಿದ್ದು. ಈ ತಗ್ಗಿಗೆ ಬಂದು ಕೂತು, ಗಾಳಿಗೂ ಮಳೆಗೂ ನಡುಗುತ್ತ, ಮುಂದೆ ಬರುವ ಹೆಂಗಸರಿಗಾದರೂ ಇಲ್ಲೊಂದು ಮರೆಯಾಗಲಿ ಎಂದು ಪೊಟ್ಟಣ ಬಿಚ್ಚಿ ಇಲ್ಲೇ ಕೊಡವಿದ್ದು. ರಿಜಿಸ್ಟರ್ ಬಸ್ಸಿನಲ್ಲಿ ಗಂಡಸರೆದುರು ಓದಬೇಕು, ಈ ಜಾಗವನ್ನು ಏನೆಂದು ಬರೆಯುವುದು ಎಂದು ನಾಚಿಕೆಪಟ್ಟು, ಆಮೇಲೆ ಯಾವುದಾದರೂ ಒಳ್ಳೆಯ ಹೆಸರು ಹುಡುಕಿ ಬರೆದರಾಯಿತು ಎಂದು ಬಿಟ್ಟದ್ದು. ಬರೆಯಲಿಲ್ಲ, ಮರೆತೆ. ನಾನು ಬೇಡಿಕೊಂಡಿದ್ದ ಮರವೇ ಹನ್ನೊಂದು ವರ್ಷಕ್ಕೆ ನನಗೇ ಮರೆಯಾಗಿ ನಿಂತಿತ್ತು. ಕಾಯಿಗಳನ್ನು ಮುಟ್ಟಿ ನೋಡಿದೆ. ಬಾಯಿ ತೆರೆದುಕೊಂಡಿದ್ದವು, ಒಳಗೆ ಬೀಜವಿರಲಿಲ್ಲ.

ಕೈಯಲ್ಲಿ ಒಂದು ಚಾಕುವೂ ಇರಲಿಲ್ಲ. ಬೆಂಗಳೂರಿಗೆ ವಾಪಸು ಬಂದೆ. ಮೇಡಂಗೆ ಹೇಳೋಣವೆಂದರೆ ಅವರು ಹಿಂದಿನ ವರ್ಷವೇ ತೀರಿಕೊಂಡಿದ್ದರು. ಮಾರನೆಯ ದಿನ ಬಸ್ಸು ಹಿಡಿದು ಟಿನ್ ಫ್ಯಾಕ್ಟರಿಯಲ್ಲಿ ಇಳಿದು, ಕೇಳಿಕೊಂಡು ಕೇಳಿಕೊಂಡು ಮೇಸ್ತ್ರಿಯ ಮನೆಗೆ ನಡೆದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಬಾಗಿಲು ತೆರೆದ ಅವರ ತಲೆ ಪೂರ್ತಿ ಬೆಳ್ಳಗಾಗಿದ್ದು ನೋಡಿ ಜೋಡಿಸಿದ್ದೆಲ್ಲ ಹೋಯಿತು.

"ನಲವತ್ತೇಳು ಸಿಕ್ತು ಮೇಸ್ತ್ರಿ. ನನ್ನ ಹತ್ರಾನೇ ಇತ್ತು. ನಾನೇ ಚೆಲ್ಲಿದ್ದೆ. ನಿಮ್ಮನ್ನ ಸುಳ್ಳುಗಾರ ಅಂದ್ಬಿಟ್ಟೆ."

ಅವರ ಹೆಂಡತಿ ಒಳಗಿನಿಂದ, "ಯಾರ್ರೀ?" ಎಂದು ಕೇಳಿದರು.

"ಹನ್ನೊಂದು ವರ್ಷ ಆತಲ್ರೀ ಅಕ್ಕಾರ," ಎಂದರು ಮೇಸ್ತ್ರಿ. ಅವರ ಧ್ವನಿಯಲ್ಲಿ ಸಿಟ್ಟಿತ್ತು, ಅವರಿಗೂ ಸಿಟ್ಟು ಬರುತ್ತದೆಂದು ನಾನು ಕಂಡದ್ದು ಆವತ್ತೇ. "ನಂದೇ ತಪ್ಪೇನೋ ಅಂತ ನನಗ ಎಷ್ಟು ಸಲ ಅನಿಸ್ಯದ ಗೊತ್ತದೇನ್ರೀ? ನಾ ಎಲ್ಲಿ ಬಿಸಾಕಿದೆ ಅಂತ ನಾನೂ ಹುಡುಕೀನಿ, ತಲ್ಯಾಗ."

"ಬೈರಿ, ಇನ್ನೂ ಬೈರಿ."

"ಬೈದ್ರ ಗಿಡ ಬೀಳತದೇನು?" ಎಂದು ಅವರು ಒಳಗೆ ಹೋದರು. ಹೋದವರು ಬರುವುದಿಲ್ಲವೇನೋ ಎಂದು ಚಪ್ಪಲಿ ಮೆಟ್ಟಲು ತಿರುಗಿದೆ. ಅವರು ಗರಗಸ ಹಿಡಿದುಕೊಂಡು ಬಂದರು. "ಎಂದ ಹೋಗೂಣು?"

ಶನಿವಾರ ಹೋದೆವು. ಕಾವಲುಗಾರರಿಗೆ ಹೇಳಿ, ಮೇಸ್ತ್ರಿ, ನನ್ನ ಗಂಡ, ನಾನು ಮೂವರೂ ಆ ತಗ್ಗಿಗೆ ಇಳಿದೆವು. ನಾನು ಮನೆಯಿಂದ ಎರಡು ಹಳೆಯ ಬೆಡ್‌ಶೀಟ್ ತಂದಿದ್ದೆ, ಉಳಿದ ಕಾಯಿ ಒಂದೂ ನೆಲಕ್ಕೆ ಬೀಳಬಾರದೆಂದು. ಒಂದನ್ನು ಮರದ ಬುಡದಲ್ಲಿ ಹಾಸಿ, ಕಾಯಿಗಳನ್ನು ಕೈಯಲ್ಲೇ ಬಿಡಿಸಿ ಚೀಲಕ್ಕೆ ತುಂಬಿದ ಮೇಲೆ ಮೇಸ್ತ್ರಿ ಮೊದಲು ಸುತ್ತಲಿನ ಸಣ್ಣವಕ್ಕೆ, ಆಮೇಲೆ ದೊಡ್ಡದಕ್ಕೆ ಗರಗಸ ಇಟ್ಟರು. ಕಾಗೆ ಹಾರಿಹೋಯಿತು. ಮರ ವಾಲಿದ ಕಡೆಗೇ ಮೆತ್ತಗೆ ಉರುಳಿತು. ಅಷ್ಟು ಹೊತ್ತಿಗೆ ಜೀನ್ಸ್ ತೊಟ್ಟ ಇಬ್ಬರು ಹುಡುಗಿಯರು ಕಾಲುದಾರಿಯಲ್ಲಿ ಇಳಿದು ಬಂದವರು ಅಲ್ಲೇ ನಿಂತುಬಿಟ್ಟರು.

"ಏನ್ ಆಂಟಿ ಇದು, ಮರ ಕಡಿತಿದ್ದೀರಾ? ನಾಚಿಕೆ ಆಗಲ್ವಾ?"

"ಆಗುತ್ತಮ್ಮ," ಎಂದೆ. "ನೆಟ್ಟಿದ್ದೇ ನಾನು."

"ಇಡೀ ಬೆಟ್ಟದಲ್ಲಿ ನಮಗೆ ಇದ್ದಿದ್ದು ಇದೊಂದೇ ಜಾಗ. ಈಗ ನಾವು ಎಲ್ಲಿ ಹೋಗೋದು?" ಎಂದಳು ಇನ್ನೊಬ್ಬಳು, ಅಳುವವಳ ಹಾಗೆ.

ಅವಳ ಸಂಕಟ ನನಗೆ ಗೊತ್ತಿಲ್ಲವೇ? ಉಳಿದಿದ್ದ ಬೆಡ್‌ಶೀಟ್ ಬಿಡಿಸಿ, ಎರಡು ತುದಿ ಎರಡು ಕೈಯಲ್ಲಿ ಹಿಡಿದು ತೋಳು ಚಾಚಿ ನಿಂತೆ. "ಇದರ ಹಿಂದೆ ಹೋಗಿ. ನಾನು ಹಿಡ್ಕೊಂಡಿರ್ತೀನಿ." ಗಂಡನೂ ಮೇಸ್ತ್ರಿಯೂ ಹೇಳಿಸಿಕೊಳ್ಳದೆ ದೂರ ಹೋಗಿ ಬೆನ್ನು ತಿರುಗಿಸಿ ನಿಂತರು. ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡು, ಹಿಂದೆ ಹೋದರು. ಗಾಳಿಗೆ ಬಟ್ಟೆ ಪಟಪಟ ಬಡಿಯುತ್ತಿತ್ತು.

ಮೇಸ್ತ್ರಿ ಆ ಕಡೆ ಮುಖ ಮಾಡಿಕೊಂಡೇ ನನ್ನ ಹಳೆಯ ರಿಜಿಸ್ಟರ್ ತೆರೆದರು. "ಅಕ್ಕಾರ, ನಲವತ್ತೇಳು. ಜಾಗ ಏನಂತ ಬರೀಲಿ?"

"ಹೆಂಗಸರು ಉಚ್ಚೆಗೆ ಹೋಗೋ ತಗ್ಗು ಅಂತ ಬರೀರಿ," ಎಂದು ಗಾಳಿಯಲ್ಲಿ ಅವರಿಗೆ ಕೇಳುವಂತೆ ಕೂಗಿದೆ. ಬಟ್ಟೆಯ ಹಿಂದೆ ಹುಡುಗಿಯರು ಕಿಸಕ್ಕೆಂದು ನಕ್ಕರು. ಮೇಸ್ತ್ರಿ ಬರೆದರು.

"ಎಷ್ಟು ಗಿಡ ಅಂತ ಹಾಕಲಿ?"

ನಾನು ಕೆಳಗೆ ನೋಡಿದೆ. ನನ್ನ ಚಪ್ಪಲಿಯ ಪಕ್ಕ ಎರಡು, ಬೆಡ್‌ಶೀಟಿನ ಅಂಚಿನಲ್ಲಿ ನಾಲ್ಕು, ಅದರಾಚೆ ಹುಲ್ಲಿನ ನಡುವೆ, ಬೆಟ್ಟ ಇಳಿಯುವ ಕಡೆಗೆ, ಎಲ್ಲೆಲ್ಲೂ ಹುಣಸೆ ಎಲೆಯಂಥ ಎಲೆ. ಎಣಿಸಲು ಶುರು ಮಾಡಿದೆ. ಎರಡೂ ಕೈ ಬಟ್ಟೆ ಹಿಡಿದಿದ್ದವು, ಬಗ್ಗಿ ಒಂದನ್ನೂ ಕೀಳುವಂತಿರಲಿಲ್ಲ. ಎಪ್ಪತ್ತರವರೆಗೆ ಎಣಿಸಿ ನಿಲ್ಲಿಸಿದೆ.

"ಆ ಕಾಲಂ ಖಾಲಿ ಬಿಡಿ ಮೇಸ್ತ್ರಿ," ಎಂದೆ. "ಮುಂದಿನ ವರ್ಷಕ್ಕೂ ಬರಬೇಕು."